ಡ್ರಾಯಿಂಗ್ ಪೀರಿಯಡ್‌ನಲ್ಲಿ ಏನು ಮಾಡಿಸಲಿ? ಪ್ರಾಥಮಿಕ ಶಾಲಾ ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ವೇಳಾಪಟ್ಟಿಯಲ್ಲಿ ವಾರಕ್ಕೊಂದು ಡ್ರಾಯಿಂಗ್ ಪೀರಿಯಡ್ ಇರುತ್ತದೆ. ಅದನ್ನು ತೆಗೆದುಕೊಳ್ಳುವವರು ಬಹಳ ಸಲ ಗಣಿತದವರೋ ಭಾಷೆಯವರೋ ಆಗಿರುತ್ತಾರೆ. ಒಂದರಿಂದ ಐದನೆಯ ತರಗತಿಯ ಮಕ್ಕಳ ಜೊತೆ ನಾನು ಹಲವು ವರ್ಷ ಚಿತ್ರ ಬರೆದಿದ್ದೇನೆ. ಸಹೋದ್ಯೋಗಿಗಳು ಬಿಡುವಿನಲ್ಲಿ ಬಂದು ಕೇಳುತ್ತಿದ್ದ, ಈಗಲೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಉತ್ತರಗಳಲ್ಲಿ ಅನುಭವದ ಜೊತೆ ನನ್ನ ಒಂದೆರಡು ಹಟಗಳೂ ಬೆರೆತಿವೆ. ಅವು ಯಾವುವೆಂದು ಓದುವಾಗ ನಿಮಗೇ ತಿಳಿಯುತ್ತದೆ.

ನನಗೇ ಚಿತ್ರ ಬರೆಯಲು ಬಾರದು. ಮಕ್ಕಳಿಗೆ ಹೇಗೆ ಹೇಳಿಕೊಡಲಿ?

ಅದು ದೊಡ್ಡ ಕೊರತೆಯೇನಲ್ಲ. ಚೆನ್ನಾಗಿ ಚಿತ್ರ ಬರೆಯುವ ಶಿಕ್ಷಕರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ: ಮಗುವಿನ ಹಾಳೆಯನ್ನು ಎಳೆದುಕೊಂಡು ತಾವೇ ತಿದ್ದಿಬಿಡುವುದು. ನನಗೂ ಇತ್ತು. ನಿಮಗೆ ಆ ಅಪಾಯವಿಲ್ಲ.

ಚಿತ್ರ ಬಿಡಿಸುವುದು ಎನ್ನುತ್ತೇವಲ್ಲ, ಆ ಕ್ರಿಯಾಪದವನ್ನೊಮ್ಮೆ ಗಮನಿಸಿ. ಗಂಟು ಬಿಡಿಸುತ್ತೇವೆ, ಲೆಕ್ಕ ಬಿಡಿಸುತ್ತೇವೆ, ಒಗಟು ಬಿಡಿಸುತ್ತೇವೆ. ಚಿತ್ರವನ್ನೂ ಹಾಗೆಯೇ ಬಿಡಿಸಬೇಕು. ಕಣ್ಣ ಮುಂದಿರುವ ವಸ್ತು ಒಂದು ಗಂಟು. ಯಾವ ಗೆರೆ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಾ ಹೋದರೆ ಅದು ಸಡಿಲವಾಗುತ್ತದೆ. ನೀವು ಮಾಡಬೇಕಾದ ಕೆಲಸ ಮಕ್ಕಳನ್ನು ನೋಡುವಂತೆ ಮಾಡುವುದು. ‘ಈ ಹಿಡಿ ಎಲ್ಲಿ ಶುರುವಾಗುತ್ತದೆ?’, ‘ಇದು ಅದಕ್ಕಿಂತ ಅಗಲವೋ, ಕಿರಿದೋ?’ ಎಂದು ಕೇಳುವುದಕ್ಕೆ ಕೈಯಲ್ಲಿ ಕಲೆ ಇರಬೇಕಾಗಿಲ್ಲ. ಮಕ್ಕಳ ಜೊತೆ ಕುಳಿತು ನೀವೂ ಒಂದು ಹಾಳೆಯಲ್ಲಿ ಬರೆಯಿರಿ. ಕೆಟ್ಟದಾಗಿ ಬಂದರೆ ಇನ್ನೂ ಒಳ್ಳೆಯದು, ತರಗತಿಯ ಅರ್ಧ ಅಂಜಿಕೆ ಅಲ್ಲಿಗೇ ಹೋಗುತ್ತದೆ.

ಯಾವ ಸಾಮಗ್ರಿ ಬೇಕು?

ಕಡಿಮೆ ಸಾಕು. ಪೆನ್ಸಿಲ್‌ಗಳಲ್ಲಿ ಎಚ್‌ಬಿ ಒಂದು, 2ಬಿ ಅಥವಾ 4ಬಿ ಒಂದು. ಎಚ್ ಎಂದರೆ ಗಟ್ಟಿ, ಬಿ ಎಂದರೆ ಕಪ್ಪು. ಬಿ ಹಿಂದಿನ ಅಂಕಿ ಏರಿದಂತೆ ಪೆನ್ಸಿಲ್ ಮೆತ್ತಗಾಗುತ್ತದೆ, ಗೆರೆ ಕಪ್ಪಾಗುತ್ತದೆ. ಗ್ರ್ಯಾಫೈಟ್ ಪುಡಿಗೆ ಎಷ್ಟು ಜೇಡಿಮಣ್ಣು ಬೆರೆಸುತ್ತಾರೆ ಎನ್ನುವುದರ ಮೇಲೆ ಇದು ನಿಂತಿದೆ. ಈ ಬೆರಕೆಯ ಉಪಾಯವನ್ನು 1795ರಲ್ಲಿ ಫ್ರಾನ್ಸಿನ ನಿಕೊಲಾ ಜಾಕ್ ಕಾಂಟೆ ಕಂಡುಹಿಡಿದರು. ಇದನ್ನು ಮೂರನೆಯ ತರಗತಿಯವರಿಗೆ ಹೇಳಿ ನೋಡಿ. ಪೆನ್ಸಿಲ್ ಒಳಗೆ ಮಣ್ಣಿದೆ ಎಂದರೆ ಅವರು ನಂಬುವುದಿಲ್ಲ, ಆಮೇಲೆ ಒಂದು ವಾರ ಅದನ್ನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾರೆ.

ಪೆನ್ಸಿಲ್ ಕೆಲಸಕ್ಕೆ ಜೆರಾಕ್ಸ್ ಹಾಳೆ ಸಾಕು. ನೀರು ತಾಗುವ ಬಣ್ಣವಾದರೆ ಆ ಹಾಳೆ ಸುಕ್ಕಾಗುತ್ತದೆ, ಆಗ 150 ಜಿಎಸ್‌ಎಮ್ ಆಸುಪಾಸಿನ ದಪ್ಪ ಹಾಳೆ ಕೊಡಿ. ಚಿಕ್ಕ ಮಕ್ಕಳಿಗೆ ದೊಡ್ಡ ಹಾಳೆ ಬೇಕು ಎನ್ನುವುದನ್ನು ಹಲವರು ಮರೆಯುತ್ತಾರೆ. ಐದಾರು ವರ್ಷದ ಮಗು ಭುಜದಿಂದ ಗೆರೆ ಎಳೆಯುತ್ತದೆ, ಬೆರಳಿನಿಂದ ಅಲ್ಲ. ಎ4 ಹಾಳೆ ಅದಕ್ಕೆ ಇಕ್ಕಟ್ಟು. ಎ3 ಕೊಟ್ಟರೆ ಕೈ ಬಿಚ್ಚಿಕೊಳ್ಳುತ್ತದೆ. ಬಣ್ಣಕ್ಕೆ ಮೇಣದ ಕ್ರೇಯಾನ್ ಒಂದು ಡಬ್ಬಿ, ಆಗುವುದಾದರೆ ಆಯಿಲ್ ಪೇಸ್ಟಲ್ ಒಂದು ಡಬ್ಬಿ. ಸ್ಕೆಚ್ ಪೆನ್ ನನಗೆ ಇಷ್ಟವಿಲ್ಲ: ಒತ್ತಿದರೂ ಒಂದೇ, ತೇಲಿಸಿದರೂ ಒಂದೇ, ಕೈಗೆ ಏನೂ ಕಲಿಸುವುದಿಲ್ಲ.

ಮೆಂಡರ್ ಬಗ್ಗೆ ಒಂದು ಮಾತು. ಪೆನ್ಸಿಲ್ ಚೂಪು ಮಾಡುವ ನೆಪದಲ್ಲಿ ಕಸದ ಬುಟ್ಟಿಯ ಸುತ್ತ ಒಂದು ಜಾತ್ರೆಯೇ ನೆರೆಯುತ್ತದೆ. ಪೀರಿಯಡ್‌ಗೆ ಮೊದಲೇ ಚೂಪು ಮಾಡಿದ ಹತ್ತು ಪೆನ್ಸಿಲ್‌ಗಳನ್ನು ಒಂದು ಲೋಟದಲ್ಲಿಟ್ಟು, ಮೊಂಡಾದುದನ್ನು ಕೊಟ್ಟು ಚೂಪಾದುದನ್ನು ಒಯ್ಯಿರಿ ಎಂದರೆ ಜಾತ್ರೆ ಚದುರುತ್ತದೆ.

ರಬ್ಬರ್ ಕೊಡಬೇಕೋ, ಬೇಡವೋ?

ಬೇಡ. ಮೊದಲ ಎರಡು ತಿಂಗಳಂತೂ ಬೇಡವೇ ಬೇಡ. ರಬ್ಬರ್ ಕೈಯಲ್ಲಿದ್ದರೆ ಮಗು ಒಂದು ಗೆರೆ ಎಳೆದು ಮೂರು ಸಲ ಅಳಿಸುತ್ತದೆ. ನಲವತ್ತು ನಿಮಿಷ ಮುಗಿದಾಗ ಹಾಳೆಯ ಮೇಲೆ ಒಂದು ತೂತು, ಸುತ್ತ ರಬ್ಬರಿನ ಪುಡಿ, ಅಷ್ಟೇ ಇರುತ್ತದೆ. ಗೆರೆ ತಪ್ಪಿದರೆ ಅದರ ಪಕ್ಕದಲ್ಲೇ ಸರಿಯಾದ ಗೆರೆ ಎಳೆಯಲು ಹೇಳಿ. ತಪ್ಪು ಗೆರೆ ಅಲ್ಲೇ ಇದ್ದರೆ ಸರಿ ಗೆರೆಗೆ ಅದೇ ದಾರಿಗುರುತು. ನುರಿತ ಕಲಾವಿದರ ಕರಡುಗಳಲ್ಲೂ ಒಂದೇ ತೋಳಿಗೆ ನಾಲ್ಕು ಗೆರೆಗಳು ಇರುವುದನ್ನು ತೋರಿಸಿ.

ಬಣ್ಣ ಹಚ್ಚುವಾಗ ರಬ್ಬರನ್ನು ಬೇರೆ ರೀತಿಯಲ್ಲಿ ಬಳಸಬಹುದು. 4ಬಿ ಪೆನ್ಸಿಲ್‌ನಿಂದ ಇಡೀ ಹಾಳೆಯನ್ನು ಬೂದು ಮಾಡಿ, ಅದರ ಮೇಲೆ ರಬ್ಬರಿನಿಂದ ಚಂದ್ರನನ್ನೋ ಮೇಣದ ಬತ್ತಿಯ ಉರಿಯನ್ನೋ ಬಿಡಿಸುವುದು. ಅಲ್ಲಿ ರಬ್ಬರ್ ಅಳಿಸುವುದಿಲ್ಲ, ಬೆಳಕು ಬರೆಯುತ್ತದೆ.

ಮೊಟ್ಟಮೊದಲ ತರಗತಿಯಲ್ಲಿ ಏನು ಮಾಡಿಸಲಿ?

ಗೆರೆಗಳು. ಹಾಳೆಯನ್ನು ಎಂಟು ಮನೆಗಳಾಗಿ ಮಡಿಸಿ ಬಿಚ್ಚಲು ಹೇಳಿ. ಒಂದೊಂದು ಮನೆಗೆ ಒಂದೊಂದು ಗೆರೆ: ನಿದ್ದೆ ಮಾಡುವ ಗೆರೆ, ಸಿಟ್ಟಿಗೆದ್ದ ಗೆರೆ, ಮೆಟ್ಟಿಲು ಹತ್ತುವ ಗೆರೆ, ದಾರಿ ತಪ್ಪಿದ ಗೆರೆ, ಮಳೆಯಲ್ಲಿ ಓಡುವ ಗೆರೆ. ಉಳಿದ ಮೂರಕ್ಕೆ ಹೆಸರನ್ನು ಅವರೇ ಇಡಲಿ. ಒಬ್ಬ ಹುಡುಗ ಕೊನೆಯ ಮನೆಯನ್ನು ಖಾಲಿ ಬಿಟ್ಟು ಕೆಳಗೆ ‘ಇನ್ನೂ ಬಂದಿಲ್ಲ’ ಎಂದು ಬರೆದಿದ್ದ. ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಆಮೇಲೆ ಸಿಕ್ಕಿಲ್ಲ.

ಪಾಲ್ ಕ್ಲೀ ಎಂಬ ಚಿತ್ರಕಾರ ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಕಲಿಸುತ್ತಿದ್ದಾಗ, ಸುಮ್ಮನೆ ಅಡ್ಡಾಡಲು ಹೊರಟಂತೆ ಗೆರೆ ಸಾಗುತ್ತದೆ ಎಂಬ ಮಾತಿನಿಂದ ಪಾಠ ಆರಂಭಿಸುತ್ತಿದ್ದರು. ಇದನ್ನೇ ಎರಡನೆಯ ವಾರದ ಆಟ ಮಾಡಿಕೊಳ್ಳಿ. ಪೆನ್ಸಿಲನ್ನು ಹಾಳೆಯಿಂದ ಎತ್ತದೆ ಒಂದು ನಿಮಿಷ ಸುತ್ತಾಡಿಸಿ, ಎಲ್ಲೆಲ್ಲಿ ಗೆರೆಗಳು ಒಂದನ್ನೊಂದು ದಾಟಿ ಕೋಣೆಗಳಾದವೋ ಅವುಗಳಿಗೆ ಬಣ್ಣ ತುಂಬಲಿ. ಒಂದೇ ನಿಯಮ: ಪಕ್ಕಪಕ್ಕದ ಕೋಣೆಗೆ ಒಂದೇ ಬಣ್ಣ ಬರಬಾರದು. ಎಷ್ಟು ಬಣ್ಣ ಸಾಕು ಎಂದು ಕೇಳಿ. ಹೊರಟ ಜಾಗಕ್ಕೇ ಬಂದು ಸೇರಿದ ಗೆರೆಯಾದರೆ ಎರಡೇ ಬಣ್ಣ ಸಾಕಾಗುತ್ತದೆ. ಗಣಿತದ ಮೇಷ್ಟರಿಗೆ ಇಲ್ಲಿ ಸ್ವಲ್ಪ ಸ್ವಂತ ಸಂತೋಷವೂ ಸಿಗುತ್ತದೆ.

ಯಾವ ವಯಸ್ಸಿಗೆ ಯಾವ ಚಟುವಟಿಕೆ?

ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಮಾಡಿದ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಮಕ್ಕಳ ಚಿತ್ರಗಳನ್ನು ಹಂತಗಳಾಗಿ ವಿಂಗಡಿಸಿದರು. ಸುಮಾರು ನಾಲ್ಕು ವರ್ಷದವರೆಗೆ ಗೀಚುವ ಕಾಲ. ನಾಲ್ಕರಿಂದ ಏಳರವರೆಗೆ ತಲೆಗೇ ನೇರವಾಗಿ ಕೈಕಾಲು ಅಂಟಿಕೊಂಡ ಮನುಷ್ಯರು ಹುಟ್ಟುತ್ತಾರೆ. ಏಳರಿಂದ ಒಂಬತ್ತರವರೆಗೆ ಮಗುವಿಗೆ ತನ್ನದೇ ಒಂದು ಅಚ್ಚು ಸಿಕ್ಕಿರುತ್ತದೆ: ಮನೆ ಎಂದರೆ ಹೀಗೆ, ಮರ ಎಂದರೆ ಹೀಗೆ. ಒಂಬತ್ತು ದಾಟಿದ ಮೇಲೆ ‘ನನ್ನ ಚಿತ್ರ ನಿಜದ ಹಾಗಿಲ್ಲ’ ಎಂಬ ಕೊರಗು ಶುರು.

ಈ ವಯಸ್ಸುಗಳು ಗೋಡೆಗಳಲ್ಲ. ಒಂದೇ ಬೆಂಚಿನಲ್ಲಿ ಮೂರು ಹಂತದ ಮಕ್ಕಳು ಕುಳಿತಿರುತ್ತಾರೆ. ಆದರೆ ಪಾಠ ಯೋಜಿಸಲು ಇವು ಅನುಕೂಲ. ಒಂದು, ಎರಡನೆಯ ತರಗತಿಗೆ ಕಥೆ ಮತ್ತು ನೆನಪಿನ ಚಿತ್ರಗಳು: ‘ಮಳೆಯಲ್ಲಿ ನೆನೆದ ದಿನ’, ‘ನನಗೆ ಹಲ್ಲು ಬಿದ್ದಾಗ’. ಈ ವಯಸ್ಸಿನವರಿಗೆ ವಸ್ತುವನ್ನು ಎದುರಿಟ್ಟು ಬರೆಯಿರಿ ಎಂದರೆ ಅದನ್ನೊಮ್ಮೆ ನೋಡಿ, ಆಮೇಲೆ ತಮ್ಮ ಅಚ್ಚನ್ನೇ ಬರೆಯುತ್ತಾರೆ. ಮೂರನೆಯದರಿಂದ ನೋಡಿ ಬರೆಯುವುದನ್ನು ಶುರು ಮಾಡಿ. ನಾಲ್ಕು, ಐದನೆಯ ತರಗತಿಗೆ ಬರುವ ಕೊರಗಿಗೆ ಅದೇ ಮದ್ದು.

ಮನೆಯ ಗೋಡೆ ಗಾಜಿನದೋ ಎಂಬಂತೆ ಒಳಗಿರುವುದೆಲ್ಲ ಕಾಣುವ ಹಾಗೆ ಬರೆಯುತ್ತಾರೆ. ತಿದ್ದಬೇಕೇ?

ಬೇಡ. ಮನೆಯೊಳಗೆ ಅಜ್ಜಿ ಇದ್ದಾರೆ ಎಂದು ಮಗುವಿಗೆ ಗೊತ್ತು, ಗೋಡೆ ಅಡ್ಡ ಬಂದ ಮಾತ್ರಕ್ಕೆ ಅಜ್ಜಿಯನ್ನು ಏಕೆ ಬಿಡಬೇಕು? ಚಿಕ್ಕ ಮಕ್ಕಳು ಕಂಡದ್ದನ್ನು ಬರೆಯುವುದಿಲ್ಲ, ತಿಳಿದದ್ದನ್ನು ಬರೆಯುತ್ತಾರೆ ಎಂದು ಫ್ರಾನ್ಸಿನ ಲ್ಯೂಕೆ ಸುಮಾರು ನೂರು ವರ್ಷಗಳ ಹಿಂದೆಯೇ ಗುರುತಿಸಿದ್ದರು. 1972ರಲ್ಲಿ ನಾರ್ಮನ್ ಫ್ರೀಮನ್ ಮತ್ತು ಸಂಗಡಿಗರು ಇದನ್ನು ಒಂದು ಕಪ್‌ನಿಂದ ಪರೀಕ್ಷಿಸಿದರು. ಕಪ್‌ನ ಹಿಡಿ ಹಿಂದಕ್ಕೆ ಮರೆಯಾಗಿತ್ತು, ಮುಂದೆ ಒಂದು ಹೂವಿನ ಚಿತ್ರವಿತ್ತು. ಚಿಕ್ಕವರು ಕಾಣದ ಹಿಡಿಯನ್ನು ಬರೆದರು, ಕಾಣುವ ಹೂವನ್ನು ಬಿಟ್ಟರು. ಎಂಟು ವರ್ಷದ ಹೊತ್ತಿಗೆ ಮಕ್ಕಳು ಕಂಡಂತೆ ಬರೆಯತೊಡಗುತ್ತಾರೆ.

ಒಂದು ಕಪ್ ಸಿಕ್ಕರೆ ನೀವೂ ಇದನ್ನು ಮಾಡಿ ನೋಡಬಹುದು. ಎರಡನೆಯ ತರಗತಿಯಲ್ಲೊಮ್ಮೆ, ನಾಲ್ಕನೆಯದರಲ್ಲೊಮ್ಮೆ ಮಾಡಿ ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಬೆಳವಣಿಗೆ ಎನ್ನುವುದು ಕಣ್ಣಿಗೇ ಕಾಣುತ್ತದೆ.

ಆಕಾಶ ಹಾಳೆಯ ತುದಿಯಲ್ಲಿ ಒಂದು ನೀಲಿ ಪಟ್ಟಿ, ನೆಲ ಕೆಳಗೊಂದು ಹಸಿರು ಪಟ್ಟಿ, ನಡುವೆ ಬರಿದು. ಇದಕ್ಕೇನು ಮಾಡಲಿ?

ಏನೂ ಮಾಡಬೇಡಿ. ಆಕಾಶ ಮೇಲಿದೆ, ನೆಲ ಕೆಳಗಿದೆ, ನಡುವೆ ಇರುವುದು ಗಾಳಿ. ತರ್ಕದಲ್ಲಿ ತಪ್ಪೆಲ್ಲಿದೆ? ಒಂಬತ್ತರ ನಂತರವೂ ಹಾಗೆಯೇ ಇದ್ದರೆ ಕಿಟಕಿಯ ಬಳಿ ಕರೆದೊಯ್ದು ‘ಆಕಾಶ ಎಲ್ಲಿಯವರೆಗೆ ಇಳಿಯುತ್ತದೆ?’ ಎಂದು ಕೇಳಿದರೆ ಸಾಕು.

ನೋಡಿ ಬರೆಯುವುದನ್ನು ಹೇಗೆ ಶುರು ಮಾಡಿಸಲಿ?

ಹಾಳೆಯನ್ನು ನೋಡದೆ ಬರೆಸುವುದರಿಂದ. ಇದು ನನ್ನ ಅತ್ಯಂತ ಪ್ರೀತಿಯ ಚಟುವಟಿಕೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಪ್ರತಿ ಮಗುವೂ ತನ್ನ ಒಂದು ಶೂವನ್ನು ಕಳಚಿ ಡೆಸ್ಕಿನ ಮೇಲಿಡಲಿ. (ಕಿಟಕಿಗಳನ್ನು ಮೊದಲೇ ತೆರೆದಿಡಿ.) ಹಾಳೆಯನ್ನು ಡೆಸ್ಕಿಗೆ ಅಂಟಿಸಿ, ಇಲ್ಲದಿದ್ದರೆ ಜಾರುತ್ತದೆ. ಕಣ್ಣು ಶೂವಿನ ಅಂಚಿನಲ್ಲಿ ಒಂದು ಜಾಗವನ್ನು ಹಿಡಿಯಬೇಕು, ಪೆನ್ಸಿಲ್ ತುದಿ ಹಾಳೆಯ ಮೇಲೆ ಕೂರಬೇಕು. ಆಮೇಲೆ ಕಣ್ಣು ಇರುವೆಯ ವೇಗದಲ್ಲಿ ಅಂಚಿನ ಮೇಲೆ ನಡೆಯುತ್ತದೆ, ಪೆನ್ಸಿಲ್ ಅದೇ ವೇಗದಲ್ಲಿ ಅದರ ಹಿಂದೆಯೇ. ಐದು ನಿಮಿಷ ಮಾತಿಲ್ಲ, ಪೆನ್ಸಿಲ್ ಎತ್ತುವಂತಿಲ್ಲ, ಹಾಳೆಯನ್ನು ನೋಡುವಂತಿಲ್ಲ. ಕದ್ದು ನೋಡುವವರಿಗೆ ಒಂದು ಉಪಾಯ: ಒಂದು ರಟ್ಟಿನ ತುಂಡಿಗೆ ತೂತು ಮಾಡಿ ಪೆನ್ಸಿಲನ್ನು ಅದರಲ್ಲಿ ತೂರಿಸಿಕೊಡಿ. ರಟ್ಟು ಕೊಡೆಯ ಹಾಗೆ ಕೈಯನ್ನು ಮುಚ್ಚುತ್ತದೆ.

ಮೊದಲ ನಿಮಿಷ ಕಿಲಕಿಲ ನಗು. ಎರಡನೆಯ ನಿಮಿಷಕ್ಕೆ ಕೋಣೆ ಮೌನವಾಗುತ್ತದೆ. ಆ ಮೌನಕ್ಕಾಗಿಯೇ ನಾನು ಇದನ್ನು ಮಾಡಿಸುತ್ತೇನೆ. ಒಂಬತ್ತು ವರ್ಷದ ಒಬ್ಬಳು ಹುಡುಗಿ ಲೇಸಿನ ಹಿಂದೆ ಹೊರಟಿದ್ದಳು. ಲೇಸು ಒಂದು ತೂತಿನಲ್ಲಿ ಮುಳುಗಿ ಇನ್ನೊಂದರಲ್ಲಿ ಏಳುವುದನ್ನು, ಗಂಟಿನೊಳಗೆ ಹೊಕ್ಕು ಹೊರಬರುವುದನ್ನು, ತುದಿಯ ಪ್ಲಾಸ್ಟಿಕ್ ಬಿಚ್ಚಿಹೋಗಿ ನೂಲು ಕೆದರಿದ್ದನ್ನು ಒಂದೂ ಬಿಡದೆ ಹಿಂಬಾಲಿಸಿದಳು. ಸಮಯ ಮುಗಿದಾಗ ನೋಡಿದರೆ ಗೆರೆ ಹಾಳೆ ದಾಟಿ ಡೆಸ್ಕಿನ ಮೇಲೆ ಎರಡು ಅಂಗುಲ ಹೋಗಿತ್ತು. ಹಾಳೆಯಲ್ಲಿದ್ದದ್ದನ್ನು ಶೂ ಎಂದು ಯಾರೂ ಗುರುತಿಸುತ್ತಿರಲಿಲ್ಲ. ಆದರೆ ಆ ಕೆದರಿದ ನೂಲು ನಿಜವಾದ ನೂಲೇ ಆಗಿತ್ತು. ಡೆಸ್ಕಿನ ಮೇಲಿನ ಗೆರೆಯನ್ನು ಒರೆಸಲು ನನಗೆ ಮನಸ್ಸಾಗಲಿಲ್ಲ.

ಈ ಪದ್ಧತಿಯನ್ನು ಪ್ರಚಾರಕ್ಕೆ ತಂದವರು ಅಮೆರಿಕದ ಚಿತ್ರಕಲಾ ಶಿಕ್ಷಕ ಕಿಮೋನ್ ನಿಕೊಲೈಡ್ಸ್. ಪೆನ್ಸಿಲ್ ತುದಿ ಹಾಳೆಯ ಮೇಲಿಲ್ಲ, ವಸ್ತುವನ್ನೇ ಮುಟ್ಟುತ್ತಿದೆ ಎಂದು ಭಾವಿಸಬೇಕು ಎನ್ನುವುದು ಅವರ ಸೂಚನೆ. ಮಕ್ಕಳಿಗೆ ಇದನ್ನು ಹೇಳಿದರೆ ಚೆನ್ನಾಗಿ ಅರ್ಥವಾಗುತ್ತದೆ, ದೊಡ್ಡವರಿಗಿಂತ ಬೇಗ. ಮುಂದಿನ ವಾರ ಅದೇ ಶೂ, ಈ ಸಲ ಹಾಳೆ ನೋಡಬಹುದು. ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಇದರ ಮುಂದಿನ ಹೆಜ್ಜೆ ಯಾವುದು?

ಸೈಕಲ್. ಮೊದಲು ನೆನಪಿನಿಂದ ಸೈಕಲ್ ಬರೆಸಿ. ನೀವೂ ಬರೆಯಿರಿ, ಸಹೋದ್ಯೋಗಿಗಳಿಂದಲೂ ಬರೆಸಿ. ದಿನವೂ ತುಳಿಯುವವರೇ ಚೈನನ್ನು ಎರಡೂ ಚಕ್ರಗಳಿಗೆ ಸುತ್ತುತ್ತಾರೆ, ಪೆಡಲನ್ನು ಮುಂದಿನ ಚಕ್ರಕ್ಕೆ ಸಿಕ್ಕಿಸುತ್ತಾರೆ. ಆಮೇಲೆ ಎಲ್ಲರನ್ನೂ ಹೊರಗೆ ಕರೆದೊಯ್ದು ನಿಲ್ಲಿಸಿದ ಸೈಕಲನ್ನು ಹತ್ತು ನಿಮಿಷ ನೋಡಲು ಬಿಡಿ. ಕೈಯಲ್ಲಿ ಪೆನ್ಸಿಲ್ ಬೇಡ. ವಾಪಸು ಬಂದು ಹಾಳೆಯ ಹಿಂಬದಿಯಲ್ಲಿ ಮತ್ತೆ ಬರೆಯಲಿ.

ಹಾಗೆ ಹೊರಗೆ ಹೋದಾಗ ಒಬ್ಬ ಹುಡುಗ ಕುಕ್ಕರುಗಾಲಿನಲ್ಲಿ ಕುಳಿತು ಬೆರಳನ್ನು ಗಾಳಿಯಲ್ಲೇ ಚೈನಿನುದ್ದಕ್ಕೂ ಓಡಿಸಿ, ‘ಚೈನು ಮುಂದಿನ ಚಕ್ರಕ್ಕೆ ಹೋಗುವುದೇ ಇಲ್ಲ!’ ಎಂದು ಕೂಗಿದ. ಕಳ್ಳನನ್ನು ಕೈಯಾರೆ ಹಿಡಿದವನ ದನಿಯಿತ್ತು ಅದರಲ್ಲಿ. ಅವನ ಎರಡನೆಯ ಚಿತ್ರದಲ್ಲಿ ಚಕ್ರಗಳು ಮೊಟ್ಟೆಯಾಕಾರದಲ್ಲಿದ್ದವು, ಸೀಟು ಅಡ್ಡಾದಿಡ್ಡಿಯಾಗಿತ್ತು. ಚೈನು ಮಾತ್ರ ಸರಿಯಾಗಿತ್ತು. ನಾನು ಚಕ್ರಗಳ ಬಗ್ಗೆ ಮಾತೆತ್ತಲಿಲ್ಲ.

ಚಿತ್ರವನ್ನು ತಲೆಕೆಳಗಿಟ್ಟು ಬರೆಸಿದರೆ ಮೆದುಳಿನ ಬಲಭಾಗ ಕೆಲಸ ಮಾಡುತ್ತದಂತೆ, ಹೌದೇ?

ಮೆದುಳಿನ ಕಥೆಯನ್ನು ಪಕ್ಕಕ್ಕಿಡಿ. ಎಡ ಮೆದುಳಿಗೆ ತರ್ಕ, ಬಲ ಮೆದುಳಿಗೆ ಕಲೆ ಎಂಬ ಸರಳ ಹಂಚಿಕೆಯನ್ನು ವಿಜ್ಞಾನ ಈಗ ಒಪ್ಪುವುದಿಲ್ಲ. ಆದರೆ ಉಪಾಯ ಕೆಲಸ ಮಾಡುತ್ತದೆ. ಅಮೆರಿಕದ ಬೆಟ್ಟಿ ಎಡ್ವರ್ಡ್ಸ್ 1970ರ ದಶಕದಲ್ಲಿ ಇದನ್ನು ಜನಪ್ರಿಯಗೊಳಿಸಿದರು. ಅವರು ಬಳಸಿದ್ದು ಪಿಕಾಸೊ 1920ರಲ್ಲಿ ಬರೆದ ಸಂಗೀತಗಾರ ಸ್ಟ್ರಾವಿನ್‌ಸ್ಕಿಯ ರೇಖಾಚಿತ್ರ. ಚಿತ್ರ ನೇರವಾಗಿದ್ದರೆ ಮಗು ‘ಕಣ್ಣು’, ‘ಮೂಗು’ ಎಂದು ಹೆಸರಿಸಿ ತನ್ನ ಅಚ್ಚನ್ನು ಒತ್ತುತ್ತದೆ. ತಿರುಗಿಸಿಟ್ಟರೆ ಹೆಸರುಗಳು ಉದುರಿಹೋಗುತ್ತವೆ, ಗೆರೆಗಳಷ್ಟೇ ಉಳಿಯುತ್ತವೆ.

ನಾಲ್ಕನೆಯ ತರಗತಿಗೆ ಮೊದಲು ಬೇಡ. ಯಾವುದಾದರೂ ಸರಳ ರೇಖಾಚಿತ್ರವನ್ನು ತಲೆಕೆಳಗಾಗಿಯೇ ಹಂಚಿ, ಏನೆಂದು ಹೇಳಬೇಡಿ. ಮುಗಿಯುವವರೆಗೆ ತಿರುಗಿಸಬಾರದು ಎಂಬ ನಿಯಮ ಪಾಲಿಸುವುದೇ ಅವರಿಗೆ ಚಿತ್ರಕ್ಕಿಂತ ಕಷ್ಟ.

ಮುಖ ಬರೆಸುವುದು ಹೇಗೆ?

ಮಕ್ಕಳು, ದೊಡ್ಡವರು ಕೂಡ, ಕಣ್ಣುಗಳನ್ನು ಹಣೆಗೆ ಏರಿಸುತ್ತಾರೆ. ನಮ್ಮ ಆಸಕ್ತಿಯೆಲ್ಲ ಕಣ್ಣು, ಮೂಗು, ಬಾಯಿಗಳ ಮೇಲಿರುತ್ತದೆ. ಹಣೆ ಯಾರಿಗೆ ಬೇಕು? ಪಕ್ಕದವರ ಮುಖವನ್ನು ಅಳೆಯಲು ಹೇಳಿ. ಗಲ್ಲದ ತುದಿಯಿಂದ ಕಣ್ಣಿನವರೆಗೆ ಪೆನ್ಸಿಲ್ ಹಿಡಿದು ಬೆರಳಿನಿಂದ ಗುರುತು ಮಾಡಿಕೊಂಡು, ಅದೇ ಅಳತೆಯನ್ನು ಕಣ್ಣಿನಿಂದ ಮೇಲಕ್ಕೆ ಹಿಡಿದರೆ ನೆತ್ತಿಗೆ ಬರುತ್ತದೆ. ಕಣ್ಣು ತಲೆಯ ನಟ್ಟನಡುವೆ! ಹತ್ತು ವರ್ಷದವರಿಗೆ ಇದು ನಂಬಲಾಗದ ಸುದ್ದಿ. ತರಗತಿಯೆಲ್ಲ ಒಬ್ಬರ ತಲೆಯನ್ನು ಒಬ್ಬರು ಅಳೆಯತೊಡಗುತ್ತಾರೆ. ಪೆನ್ಸಿಲ್‌ನ ಮೊಂಡು ತುದಿ ಮುಖದ ಕಡೆಗಿರಲಿ. ಎರಡು ಕಣ್ಣುಗಳ ನಡುವೆ ಸುಮಾರು ಇನ್ನೊಂದು ಕಣ್ಣು ಹಿಡಿಸುತ್ತದೆ, ಕಿವಿ ಹುಬ್ಬಿನಿಂದ ಮೂಗಿನ ಬುಡದವರೆಗೆ ಇಳಿಯುತ್ತದೆ. ಇವನ್ನು ಹೇಳಬೇಡಿ, ಹುಡುಕಲು ಬಿಡಿ. ಚಿಕ್ಕ ತರಗತಿಗಳಲ್ಲಿ ಇದು ಯಾವುದೂ ಬೇಡ.

ಬೋರ್ಡಿನ ಮೇಲೆ ನಾನು ಬರೆದು ಅದನ್ನು ನಕಲು ಮಾಡಿಸಬಹುದೇ?

ಯಾವಾಗಲೋ ಒಮ್ಮೆ, ಒಂದು ಕೌಶಲ ತೋರಿಸಲು, ಸರಿ. ಪೆಟ್ಟಿಗೆಗೆ ಮೂರು ಮುಖ ಕಾಣುವಂತೆ ಬರೆಯುವುದು ಹೇಗೆ ಎಂಬಂಥದ್ದಕ್ಕೆ. ತೋರಿಸಿದ ಮೇಲೆ ಬೋರ್ಡನ್ನು ಒರೆಸಿ. ಒರೆಸದಿದ್ದರೆ ನಲವತ್ತು ಮಕ್ಕಳಿಂದ ನಲವತ್ತು ನಿಮ್ಮದೇ ಚಿತ್ರಗಳು ಬರುತ್ತವೆ: ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಮನೆ, ಮನೆಯ ಮುಂದೆ ಹರಿಯುವ ಹೊಳೆ. ಈ ಬೆಟ್ಟ-ಸೂರ್ಯಗಳ ಜೊತೆ ನನಗೆ ಹಳೆಯ ಜಗಳವಿದೆ. ಬೆಟ್ಟವನ್ನೇ ನೋಡದ ಮಕ್ಕಳೂ ಅದನ್ನು ಬರೆಯುತ್ತಾರೆ, ಯಾಕೆಂದರೆ ಅದನ್ನು ಬರೆದರೆ ‘ವೆರಿ ಗುಡ್’ ಸಿಗುತ್ತದೆ. ಕಿಟಕಿಯಾಚೆ ಏನು ಕಾಣುತ್ತದೆಯೋ ಅದನ್ನು ಬರೆಸಿ. ನೀರಿನ ಟ್ಯಾಂಕು, ಕಂಬ, ತಂತಿಯ ಮೇಲೊಂದು ಕಾಗೆ. ಬೆಟ್ಟ ಕಂಡರೆ ಬೆಟ್ಟವೂ ಬರಲಿ.

ಬಣ್ಣ ತುಂಬುವ ಪುಸ್ತಕಗಳು?

ಕೈಗೆ ಹಿಡಿತ ಬರುತ್ತದೆ, ಕಣ್ಣಿಗೆ ಏನೂ ಬರುವುದಿಲ್ಲ. ಬದಲಿ ಶಿಕ್ಷಕರು ಬಂದ ದಿನಕ್ಕೆ ಇಟ್ಟುಕೊಳ್ಳಿ.

ಬಣ್ಣದ ಸುಲಭ ಚಟುವಟಿಕೆಗಳನ್ನು ಹೇಳಿ.

ಎಲೆಯನ್ನು ನರಗಳು ಮೇಲೆ ಬರುವಂತೆ ಇಟ್ಟು, ಮೇಲೆ ತೆಳು ಹಾಳೆ ಹಾಸಿ, ಕ್ರೇಯಾನನ್ನು ಅಡ್ಡ ಮಲಗಿಸಿ ಉಜ್ಜುವುದು ಎಲ್ಲರಿಗೂ ಗೊತ್ತು. ಅಲ್ಲಿಗೇ ನಿಲ್ಲಿಸಬೇಡಿ. ಮಕ್ಕಳು ಹಾಳೆ ಹಿಡಿದು ಕೋಣೆಯೆಲ್ಲ ಸುತ್ತಲಿ. ನೆಲ, ಬಾಗಿಲು, ಚೀಲದ ಜಿಪ್, ಶೂವಿನ ಅಟ್ಟೆ ಎಲ್ಲದರ ಮೈಯೂ ಹಾಳೆಗೆ ಬರಲಿ. ಆಮೇಲೆ ಆ ಗುರುತುಗಳಲ್ಲಿ ಯಾವುದು ಮೊಸಳೆಯ ಚರ್ಮ, ಯಾವುದು ಕಾಡು ಎಂದು ಹುಡುಕಿ ಚಿತ್ರ ಮುಂದುವರಿಸಲಿ. ಜರ್ಮನಿಯ ಮ್ಯಾಕ್ಸ್ ಅರ್ನ್‌ಸ್ಟ್ 1925ರಲ್ಲಿ ಸವೆದ ಹಲಗೆಯ ನೆಲದ ಮೇಲೆ ಹಾಳೆಯಿಟ್ಟು ಉಜ್ಜಿ ಇದೇ ದಾರಿಯಲ್ಲಿ ವಿಚಿತ್ರ ಕಾಡುಗಳನ್ನೂ ಪ್ರಾಣಿಗಳನ್ನೂ ಹೊರತೆಗೆದಿದ್ದರು.

ಇನ್ನೊಂದು ಮೇಣ ಮತ್ತು ನೀರಿನ ಜಗಳ. ಬಿಳಿ ಹಾಳೆಯ ಮೇಲೆ ಬಿಳಿ ಕ್ರೇಯಾನಿನಿಂದ ಗುಟ್ಟಿನ ಚಿತ್ರ ಬರೆದು, ಮೇಲೆ ತೆಳುವಾದ ಜಲವರ್ಣ ಹರಿಸಿದರೆ ಮೇಣ ನೀರನ್ನು ತಳ್ಳುತ್ತದೆ, ಚಿತ್ರ ಎದ್ದು ಬರುತ್ತದೆ. ಇದು ಕೆಡುವುದು ಎರಡೇ ಕಾರಣಕ್ಕೆ: ಕ್ರೇಯಾನನ್ನು ಸಾಕಷ್ಟು ಒತ್ತದಿರುವುದು, ಬಣ್ಣವನ್ನು ಗಟ್ಟಿಯಾಗಿ ಕಲಸುವುದು. ಮಕ್ಕಳು ಹಾಳೆಗಳನ್ನು ಅದಲುಬದಲು ಮಾಡಿಕೊಂಡು ಒಬ್ಬರ ಗುಟ್ಟನ್ನು ಇನ್ನೊಬ್ಬರು ಬಯಲು ಮಾಡಿದರೆ ಮಜ ಹೆಚ್ಚು.

ಮೂರೇ ಬಣ್ಣ ಕೊಟ್ಟು ನೋಡಿ: ಕೆಂಪು, ಹಳದಿ, ನೀಲಿ. ‘ಹಸಿರು ಇಲ್ಲ’ ಎಂದು ದೂರು ಬರುತ್ತದೆ. ‘ಹುಡುಕು’ ಎನ್ನಿ. ಮೊದಲು ಹಳದಿ, ಅದರ ಮೇಲೆ ಸ್ವಲ್ಪ ಸ್ವಲ್ಪವೇ ನೀಲಿ. ತಿರುಗುಮುರುಗು ಮಾಡಿದರೆ ನೀಲಿ ಹಳದಿಯನ್ನು ನುಂಗಿಬಿಡುತ್ತದೆ. ಮೂರನ್ನೂ ಬೆರೆಸಿ ಕೆಸರು ಮಾಡಿದವರನ್ನು ಗದರಬೇಡಿ; ಮರದ ಕಾಂಡಕ್ಕೆ ಬೇಕಾದ ಬಣ್ಣ ಅದೇ.

ಗುಂಪಿನಲ್ಲಿ ಮಾಡುವಂಥದ್ದು?

ಹಾಳೆಯನ್ನು ಮೂರು ಮಡಿಕೆ ಮಾಡಿ. ಮೊದಲನೆಯವರು ತಲೆ ಬರೆದು, ಕುತ್ತಿಗೆಯ ಎರಡು ಗೆರೆಗಳನ್ನು ಮಡಿಕೆಯ ಆಚೆಗೆ ಚೂರು ಇಳಿಸಿ, ಮಡಚಿ ಕೊಡುತ್ತಾರೆ. ಎರಡನೆಯವರು ತಲೆಯನ್ನು ನೋಡದೆ ಹೊಟ್ಟೆ ಬರೆಯುತ್ತಾರೆ. ಮೂರನೆಯವರು ಕಾಲು. ಬಿಚ್ಚಿದಾಗ ಆನೆಯ ತಲೆ, ರಾಕೆಟ್ಟಿನ ಮೈ, ಕೋಳಿಯ ಕಾಲು. 1920ರ ದಶಕದಲ್ಲಿ ಪ್ಯಾರಿಸ್ಸಿನ ಕಲಾವಿದರು, ಕವಿಗಳು ಸೇರಿ ಇದನ್ನು ಆಡುತ್ತಿದ್ದರು. ‘ನನಗೆ ಬರುವುದಿಲ್ಲ’ ಎನ್ನುವ ಮಗುವಿಗೆ ಇದು ಹೇಳಿ ಮಾಡಿಸಿದ ಆಟ. ಇಲ್ಲಿ ಚಿತ್ರ ಯಾರೊಬ್ಬರದೂ ಅಲ್ಲ, ಹಾಗಾಗಿ ಕೆಡುವುದೂ ಇಲ್ಲ.

‘ನನಗೆ ಬರುವುದಿಲ್ಲ, ನೀವೇ ಬರೆದುಕೊಡಿ’ ಎಂದು ಮಗು ಅತ್ತರೆ?

ಬರೆದುಕೊಡಬೇಡಿ. ಒಮ್ಮೆ ಬರೆದುಕೊಟ್ಟರೆ ಮುಂದಿನ ವಾರವೂ ಆ ಮಗು ನಿಮ್ಮ ಮೇಜಿನ ಬಳಿಯೇ ನಿಂತಿರುತ್ತದೆ. ನಾನು ಇದನ್ನು ಕಲಿತದ್ದು ತಪ್ಪು ಮಾಡಿಯೇ. ಒಂದು ಹುಡುಗಿಯ ಕುದುರೆಗೆ ಕಾಲು ಬರೆದುಕೊಟ್ಟೆ, ಬಲು ಚೆನ್ನಾಗಿಯೇ ಬರೆದೆ. ಅವಳು ಉಳಿದ ಕುದುರೆಯನ್ನು ಒಂದು ಕ್ಷಣ ನೋಡಿ, ತಾನು ಬರೆದ ತಲೆಯನ್ನೆಲ್ಲ ಕಪ್ಪು ಕ್ರೇಯಾನಿನಿಂದ ಮುಚ್ಚಿದಳು. ಅಂದಿನಿಂದ ಮಕ್ಕಳ ಹಾಳೆಗೆ ಪೆನ್ಸಿಲ್ ತಾಗಿಸಿಲ್ಲ. ತೋರಿಸಲೇಬೇಕಾದರೆ ಬೇರೆ ಹಾಳೆಯಲ್ಲಿ ಬರೆದು, ತೋರಿಸಿ, ಹರಿದುಬಿಡುತ್ತೇನೆ.

ಅಳುವ ಮಗುವಿನ ಪಕ್ಕದಲ್ಲಿ ಕುಳಿತು ಕೆಲಸವನ್ನು ಚಿಕ್ಕದು ಮಾಡಿ. ‘ಕುದುರೆ ಬೇಡ, ಅದರ ಹೊಟ್ಟೆ ಮಾತ್ರ. ಅದು ಉದ್ದವೋ, ದುಂಡಗೋ?’ ಹೊಟ್ಟೆ ಬಂದ ಮೇಲೆ ಕುತ್ತಿಗೆ ತಾನಾಗಿ ಬರುತ್ತದೆ.

ಐದೇ ನಿಮಿಷದಲ್ಲಿ ‘ಮುಗಿಯಿತು’ ಎಂದು ಬರುವವರಿಗೆ?

ಹೊಸ ಹಾಳೆ ಕೊಡಬೇಡಿ, ಹೊಸ ಪ್ರಶ್ನೆ ಕೊಡಿ. ‘ಇಲ್ಲಿ ಹೊತ್ತು ಎಷ್ಟಾಗಿದೆ?’, ‘ಈ ಮನೆಯ ಹಿಂದೆ ಯಾರಿದ್ದಾರೆ?’, ‘ಗಾಳಿ ಯಾವ ಕಡೆಯಿಂದ ಬೀಸುತ್ತಿದೆ?’ ಗಾಳಿಯ ಪ್ರಶ್ನೆ ಬಹಳ ಉಪಯುಕ್ತ; ಮರ, ಬಟ್ಟೆ, ಹೊಗೆ, ಕೂದಲು ಎಲ್ಲವನ್ನೂ ಬದಲಾಯಿಸಬೇಕಾಗುತ್ತದೆ.

ಮಗು ಬರೆದದ್ದು ಏನೆಂದೇ ತಿಳಿಯದಿದ್ದಾಗ ಏನು ಹೇಳಲಿ?

‘ಇದೇನು?’ ಎಂದು ಮಾತ್ರ ಕೇಳಬೇಡಿ. ‘ಇದರ ಬಗ್ಗೆ ಹೇಳು’ ಎನ್ನಿ. ಹೊಗಳುವಾಗಲೂ ‘ಚೆನ್ನಾಗಿದೆ’ ಎನ್ನುವುದಕ್ಕಿಂತ ಕಂಡದ್ದನ್ನು ಹೇಳಿ: ‘ಈ ಮೂಲೆಯಲ್ಲಿ ಪೆನ್ಸಿಲನ್ನು ಬಹಳ ಒತ್ತಿದ್ದೀಯ, ಅಲ್ಲಿ ಕತ್ತಲಾಗಿದೆ.’ ತನ್ನ ಹಾಳೆಯನ್ನು ಯಾರೋ ನಿಜವಾಗಿ ನೋಡಿದರು ಎಂದು ಮಗುವಿಗೆ ತಿಳಿಯುತ್ತದೆ.

ಅಂಕ ಕೊಡಲೇಬೇಕಾದರೆ?

ಕೊಡದೆ ಇರಲಾಗದಿದ್ದರೆ ಒಂದೇ ಚಿತ್ರಕ್ಕೆ ಕೊಡಬೇಡಿ. ಅವಧಿಯ ಐದಾರು ಹಾಳೆಗಳನ್ನು ಒಟ್ಟಿಗೆ ಹರಡಿ, ಮಗು ತನ್ನದೇ ಹಿಂದಿನ ಹಾಳೆಗಿಂತ ಹೆಚ್ಚು ನೋಡಿದೆಯೇ ಎಂದು ಗಮನಿಸಿ. ಪಕ್ಕದ ಮಗುವಿನ ಜೊತೆ ಹೋಲಿಕೆ ಬೇಡ.

ಎಡಗೈ ಮಕ್ಕಳಿಗೆ ವಿಶೇಷ ಏನಾದರೂ ಬೇಕೇ?

ಬೆಂಚಿನ ಎಡ ತುದಿಯಲ್ಲಿ ಕೂರಿಸಿ, ಮೊಣಕೈ ತಾಗುವುದಿಲ್ಲ. ಬೆಳಕು ಬಲಗಡೆಯಿಂದ ಬರಲಿ. ಕೈ ಬದಲಾಯಿಸಲು ಹೇಳಬೇಡಿ.

ನಲವತ್ತು ನಿಮಿಷವನ್ನು ಹೇಗೆ ಹಂಚಲಿ?

ಮೊದಲ ಐದು ನಿಮಿಷ ಕೈ ಸಡಿಲಿಸಲು. ಒಬ್ಬರು ಮುಂದೆ ಬಂದು ಚೆಂಡೆಸೆಯುವಂತೆಯೋ, ಆಕಳಿಸುವಂತೆಯೋ ಮೂವತ್ತು ಸೆಕೆಂಡ್ ಅಲ್ಲಾಡದೆ ನಿಲ್ಲಲಿ. ಉಳಿದವರು ಅಷ್ಟರಲ್ಲೇ ಅವರನ್ನು ಗೀಚಬೇಕು. ಮೂರು ಸಲ ಆದರೆ ಸಾಕು. ಚುರುಕು ಹೆಚ್ಚಾಗಿ ಕೂರಲಾಗದ ಮಕ್ಕಳನ್ನೇ ನಿಲ್ಲಲು ಕರೆಯಿರಿ. ಆಮೇಲೆ ಇಪ್ಪತ್ತೈದು ನಿಮಿಷ ಮುಖ್ಯ ಕೆಲಸ. ಕೊನೆಯ ಹತ್ತು ನಿಮಿಷದಲ್ಲಿ ಐದು ನೋಡುವುದಕ್ಕೆ, ಐದು ಗುಡಿಸುವುದಕ್ಕೆ. ನೋಡುವುದಕ್ಕೆಂದರೆ ಎಲ್ಲರೂ ಹಾಳೆಯನ್ನು ಡೆಸ್ಕಿನ ಮೇಲೆ ಬಿಟ್ಟು ಕೈ ಕಟ್ಟಿಕೊಂಡು ಒಂದು ಸುತ್ತು ಬರುವುದು. ಗುಡಿಸುವ ಸಮಯವನ್ನು ಯಾರೂ ಲೆಕ್ಕ ಹಾಕುವುದಿಲ್ಲ, ಮುಂದಿನ ಪೀರಿಯಡ್‌ನವರು ಬಂದು ಬಾಗಿಲಲ್ಲಿ ನಿಂತಾಗ ನೆನಪಾಗುತ್ತದೆ.

ಮುಗಿದ ಚಿತ್ರಗಳನ್ನು ಏನು ಮಾಡಲಿ?

ಗೋಡೆಗೆ ಹಾಕುವುದಾದರೆ ಎಲ್ಲರದ್ದೂ ಹಾಕಿ, ಮಕ್ಕಳ ಕಣ್ಣಿನ ಎತ್ತರಕ್ಕೆ ಹಾಕಿ. ಆಯ್ದ ಐದು ಚಿತ್ರಗಳ ಗೋಡೆ ಉಳಿದ ಮೂವತ್ತೈದು ಮಕ್ಕಳಿಗೆ ಏನು ಹೇಳುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಉಳಿದವನ್ನು ಪ್ರತಿ ಮಗುವಿಗೊಂದು ರಟ್ಟಿನ ಕಡತ ಮಾಡಿ ಸೇರಿಸಿಡಿ. ವರ್ಷದ ಮೊದಲ ವಾರ ಎಲ್ಲರಿಂದಲೂ ತಮ್ಮದೇ ಒಂದು ಕೈಯನ್ನು ನೋಡಿ ಬರೆಸಿ ಎತ್ತಿಡಿ, ಕೊನೆಯ ವಾರ ಅದನ್ನೇ ಮತ್ತೆ ಬರೆಸಿ. ಎರಡನ್ನೂ ಪಕ್ಕದಲ್ಲಿಟ್ಟುಕೊಂಡ ಮಗುವಿಗೆ ನೀವು ಏನೂ ವಿವರಿಸಬೇಕಾಗುವುದಿಲ್ಲ. ಹಾಗೆ ಮಾಡಲು ಹಾಳೆಯ ಹಿಂಬದಿಯಲ್ಲಿ ಹೆಸರು, ತಾರೀಕು ಇರಬೇಕು. ಅದನ್ನು ಪೆನ್ಸಿಲಿನಲ್ಲೇ ಬರೆಸಿ. ಸ್ಕೆಚ್ ಪೆನ್ನಿನ ಶಾಯಿ ಮುಂದಕ್ಕೆ ಇಳಿದು, ಬಿಡಿಸಿದ ಕೈಯ ಮೇಲೆಯೇ ಮಗುವಿನ ಹೆಸರು ತಿರುಗುಮುರುಗಾಗಿ ಮೂಡಿಬಿಡುತ್ತದೆ.